ಮಾಯಾವಿಯ ಸರೋವರದಲ್ಲಿ ಒಂದು ಮುಂಜಾವು

ಷಿಕಾಗೋ ನಗರದ ಯೂನಿಯನ್ ನಿಲ್ದಾಣದಿಂದ ಡೆಟ್ರಾಯಿಟ್ ಕಡೆಗೆ ಹೊರಡುವ ‘ವುಲ್ವರೀನ್’ ಎಂಬ ರೈಲು ಮಿಚಿಗನ್ ಮಹಾಸರೋವರದ ದಕ್ಷಿಣದ ಅಂಚನ್ನು ಬಳಸಿ, ಉಕ್ಕಿನ ಕಾರ್ಖಾನೆಗಳನ್ನೂ ಮರಳು ದಿಣ್ಣೆಗಳನ್ನೂ ದಾಟಿ, ಎರಡು ಗಂಟೆಗಳಿಗೆ ಸ್ವಲ್ಪ ಮಿಕ್ಕ ಕಾಲದಲ್ಲಿ ಡೊವಾಜ್ಯಾಕ್ ಎಂಬ ಪುಟ್ಟ ಊರನ್ನು ತಲುಪುತ್ತದೆ. ನಡುದಾರಿಯಲ್ಲಿ ಎಲ್ಲಿಯೋ ಪ್ರಯಾಣಿಕನ ಗಡಿಯಾರದಿಂದ ಒಂದು ಗಂಟೆ ಕಳೆದುಹೋಗುತ್ತದೆ. ಇಲಿನಾಯ್ ರಾಜ್ಯದ ಕಾಲಕ್ಕಿಂತ ಮಿಚಿಗನ್ ರಾಜ್ಯದ ಕಾಲ ಅಷ್ಟು ಮುಂದೆ. ಜೂನ್ ತಿಂಗಳ ಒಂದು ಸಂಜೆ ನಾನು ಅಲ್ಲಿ ಇಳಿದಾಗ ಗಡಿಯಾರ ಏಳು ಹೊಡೆದಿತ್ತು, ಆದರೆ ಸೂರ್ಯ ನಮ್ಮೂರಿನ ನಾಲ್ಕು ಗಂಟೆಯ ಸೂರ್ಯನಂತೆ ನೆತ್ತಿಯಿಂದ ಅಷ್ಟೇ ಇಳಿದಿದ್ದ. ಆ ಸೀಮೆಯಲ್ಲಿ ಆ ತಿಂಗಳು ಕತ್ತಲಾಗಬೇಕಾದರೆ ಒಂಬತ್ತೂವರೆಯಾದರೂ ಆಗಬೇಕು.

ನಿಲ್ದಾಣದಲ್ಲಿ ನನ್ನೊಡನೆ ಇಳಿದವಳು ಒಬ್ಬ ಮುದುಕಿ ಮಾತ್ರ. ಇಟ್ಟಿಗೆಯ ಹಳೆಯ ಕಟ್ಟಡ, ಚೊಕ್ಕಟವಾದ ಜಗಲಿ, ಎದುರಿಗೆ ಮರಗಳ ಸಾಲು. ಇಷ್ಟು ಸಣ್ಣ ಊರಿಗೆ ಇತಿಹಾಸವೇನು ಬಂತು ಎಂದುಕೊಂಡರೆ ತಪ್ಪಾಗುತ್ತದೆ. ನ್ಯೂಯಾರ್ಕಿನ ಬೀದಿಗಳಲ್ಲಿ ದಿಕ್ಕಿಲ್ಲದೆ ಅಲೆಯುತ್ತಿದ್ದ ಮಕ್ಕಳನ್ನು ರೈಲಿನಲ್ಲಿ ತುಂಬಿ ಪಶ್ಚಿಮದ ಒಕ್ಕಲು ಮನೆಗಳಿಗೆ ಹಂಚುವ ಏರ್ಪಾಡೊಂದು ಹತ್ತೊಂಬತ್ತನೆಯ ಶತಮಾನದಲ್ಲಿ ನಡೆಯಿತು. ಆ ‘ಅನಾಥರ ರೈಲು’ಗಳಲ್ಲಿ ಮೊದಲನೆಯದು ಮಕ್ಕಳನ್ನು ಇಳಿಸಿದ್ದು 1854ರ ಅಕ್ಟೋಬರ್ 1ರಂದು, ಈ ಊರಿನಲ್ಲಿ. ನಲವತ್ತಕ್ಕೂ ಹೆಚ್ಚು ಮಕ್ಕಳು. ಅಂದು ಇದ್ದ ನಿಲ್ದಾಣ ಇಂದಿನದಲ್ಲ. ಆದರೂ ಆ ಜಗಲಿಯ ಮೇಲೆ ನನ್ನ ಪೆಟ್ಟಿಗೆಯೊಡನೆ ಒಂಟಿಯಾಗಿ ನಿಂತು, ಕರೆದೊಯ್ಯಲು ಬರಬೇಕಾದವನು ಬರುವವರೆಗೆ ಕಾದ ಆ ಹತ್ತು ನಿಮಿಷಗಳಲ್ಲಿ ನನಗೆ ಬೇರೆ ಏನೂ ನೆನಪಿಗೆ ಬರಲಿಲ್ಲ.

ಬರಬೇಕಾದವನು ನನ್ನ ಅಕ್ಕನ ಮಗ. ಇಲ್ಲಿಂದ ಸುಮಾರು ಅರವತ್ತು ಕಿಲೋಮೀಟರ್ ದೂರದ ಕಲಮಜೂ ನಗರದಲ್ಲಿ ಅವನಿಗೆ ಕೆಲಸ. ನನ್ನನ್ನು ನೇರವಾಗಿ ಮನೆಗೆ ಕರೆದೊಯ್ಯದೆ ಡೊವಾಜ್ಯಾಕಿನಲ್ಲಿಯೇ ಇಳಿಸಿಕೊಂಡದ್ದೇಕೆಂದು ಅವನ ಕಾರಿನ ಹಿಂಬದಿಯನ್ನು ತೆರೆದಾಗ ಗೊತ್ತಾಯಿತು. ಅಲ್ಲಿ ನನ್ನ ಪೆಟ್ಟಿಗೆಗೆ ಎಡೆಯಿರಲಿಲ್ಲ. ನಾಲ್ಕು ಗಾಳದ ಕೋಲುಗಳು, ಒಂದು ಬಲೆಯ ಚೀಲ, ಗಾಳದ ಪೆಟ್ಟಿಗೆಗಳು, ತೇಲು ಅಂಗಿಗಳು.

“ಎರಡು ದಿನ ಸರೋವರದ ದಡದಲ್ಲಿ ಒಂದು ಮನೆ ಹಿಡಿದಿದ್ದೇನೆ ಮಾವ,” ಎಂದ. ಆಮೇಲೆ, ಕಾರನ್ನು ಹೊರಡಿಸುವ ಮೊದಲೇ, “ಒಂದು ಮಾತು. ಇದನ್ನೆಲ್ಲ ಅಮ್ಮನಿಗೆ ಹೇಳಬೇಡಿ,” ಎಂದ.

ಈ ಮಾತಿನ ತೂಕ ವಾಚಕರಿಗೆ ತಿಳಿಯಬೇಕಾದರೆ ಅಕ್ಕನ ವಿಷಯ ಎರಡು ವಾಕ್ಯ ಬರೆಯಬೇಕು. ಅವಳ ಮನೆ ತೀರ್ಥಹಳ್ಳಿಯಲ್ಲಿ. ಊರಿಗೆ ಸಮೀಪದಲ್ಲಿಯೇ ತುಂಗೆಯಲ್ಲಿ ಚಿಪ್ಪಲಗುಡ್ಡೆಯ ಮತ್ಸ್ಯಧಾಮ; ವರ್ಷಕ್ಕೊಮ್ಮೆ ತಪ್ಪದೆ ಶೃಂಗೇರಿ. ಎರಡೂ ಕಡೆ ಮಡಿಲಿನಲ್ಲಿ ಮಂಡಕ್ಕಿ ಕಟ್ಟಿಕೊಂಡು ಹೋಗಿ, ನೀರಿನ ಮೆಟ್ಟಿಲಿನ ಮೇಲೆ ಕುಳಿತು, ಕೈಯಷ್ಟುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುವುದನ್ನು ನೋಡುತ್ತ ಗಂಟೆಗಟ್ಟಲೆ ಕಳೆಯುವವಳು. ಈ ಹುಡುಗನ ಕೈಗೆ ಮೊದಲ ಮಂಡಕ್ಕಿ ಕೊಟ್ಟು ನೀರಿಗೆ ಎಸೆಯಲು ಕಲಿಸಿದವಳೂ ಅವಳೇ. ನೀರಿಗೆ ಎಸೆಯುವುದನ್ನು ಅವನು ಮರೆಯಲಿಲ್ಲ; ಎಸೆಯುವ ಪದಾರ್ಥ ಬದಲಾಯಿತು, ಅಷ್ಟೆ.

“ನೋಡೋಣ,” ಎಂದೆ.

ಡೊವಾಜ್ಯಾಕ್ ಎಂಬ ಹೆಸರು ಪೊಟವಾಟಮಿ ಎಂಬ ಮೂಲನಿವಾಸಿಗಳ ಭಾಷೆಯದು. ‘ಮೀನು ಹಿಡಿಯುವ ನೀರು’ ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ಆ ಜನರ ಪೊಕೇಗನ್ ಪಂಗಡದ ಆಡಳಿತ ಕೇಂದ್ರ ಇಂದಿಗೂ ಇಲ್ಲಿಯೇ ಇದೆ. ಹೆಸರು ಅನ್ವರ್ಥವಾದದ್ದು. ಹಿಮಯುಗದ ಕೊನೆಗೆ, ಹತ್ತು ಸಾವಿರ ವರ್ಷಗಳಿಗೂ ಹಿಂದೆ, ಈ ಪ್ರದೇಶವನ್ನು ಮುಚ್ಚಿದ್ದ ಹಿಮನದಿಗಳು ಹಿಂಜರಿದಾಗ ಅಲ್ಲಲ್ಲಿ ದೊಡ್ಡ ದೊಡ್ಡ ಹಿಮದ ಗಡ್ಡೆಗಳು ಮಣ್ಣಿನಲ್ಲಿ ಹೂತು ಉಳಿದವು; ಅವು ಕರಗಿದ ಮೇಲೆ ಉಳಿದ ಗುಳಿಗಳೇ ಇಂದಿನ ಸರೋವರಗಳು. ಮಿಚಿಗನ್ ರಾಜ್ಯದಲ್ಲಿ ಮಹಾಸರೋವರಗಳನ್ನು ಬಿಟ್ಟು ಎಣಿಸಿದರೂ ಇಂಥವು ಹನ್ನೊಂದು ಸಾವಿರವಿವೆ ಎಂದು ಲೆಕ್ಕ. ನಮ್ಮಲ್ಲಿ ಕೆರೆಯೆಂದರೆ ಯಾರೋ ಪುಣ್ಯಾತ್ಮರು ಕಟ್ಟಿಸಿದ್ದು, ಏರಿಯ ಮೇಲೆ ಶಾಸನವಿರುವಂಥದು. ಇಲ್ಲಿ ಕಟ್ಟಿಸಿದವರೂ ಇಲ್ಲ, ಏರಿಯೂ ಇಲ್ಲ.

ಕಟ್ಟಿಸಿದ್ದೆಂದರೆ ಊರ ಅಂಚಿನ ಒಂದೇ ಒಂದು ಕೊಳ. ಹಿಟ್ಟಿನ ಗಿರಣಿಗಾಗಿ ಡೊವಾಜ್ಯಾಕ್ ಹೊಳೆಗೆ ಅಡ್ಡ ಕಟ್ಟಿ ನಿಲ್ಲಿಸಿದ ನೀರು. ಅಳಿಯ ನನ್ನನ್ನು ಮೊದಲು ಕರೆದೊಯ್ದದ್ದು ಅಲ್ಲಿಗೆ. ನೋಡಲು ಏನೂ ವಿಶೇಷವಿಲ್ಲ. ಬಾತುಕೋಳಿಗಳು, ಬೆಂಚುಗಳು, ಹಸುರು ನೀರು. ಆದರೆ ಅಮೆರಿಕದ ಗಾಳಗಾರರಿಗೆ ಇದು ಒಂದು ಬಗೆಯ ಕ್ಷೇತ್ರವೇ ಸರಿ.

ಜೇಮ್ಸ್ ಹೆಡನ್ ಎಂಬಾತ (1845–1911) ಈ ಊರಿನಲ್ಲಿ ಜೇನು ಸಾಕುತ್ತಿದ್ದನು. ಸಾಮಾನ್ಯ ಜೇನುಗಾರನಲ್ಲ, ಹೊಸ ಬಗೆಯ ಜೇನುಪೆಟ್ಟಿಗೆಯನ್ನು ಕಲ್ಪಿಸಿ, ಆ ವಿದ್ಯೆಯ ಬಗೆಗೆ 1885ರಲ್ಲಿ ಪುಸ್ತಕವನ್ನೇ ಬರೆದವನು. ಊರ ಪತ್ರಿಕೆ ನಡೆಸಿದನು, ಪುರಾಧ್ಯಕ್ಷನೂ ಆದನು. ಒಂದು ದಿನ ಈ ಕೊಳದ ದಡದಲ್ಲಿ ಗೆಳೆಯನಿಗಾಗಿ ಕಾಯುತ್ತ, ಹೊತ್ತು ಹೋಗದೆ, ಕಟ್ಟಿಗೆಯ ತುಂಡೊಂದನ್ನು ಚಾಕುವಿನಿಂದ ಕೆತ್ತುತ್ತ ಕುಳಿತಿದ್ದನಂತೆ. ಗೆಳೆಯ ಬಂದ, ಹೆಡನ್ ಎದ್ದು, ಕೈಯಲ್ಲಿದ್ದ ತುಂಡನ್ನು ನೀರಿಗೆ ಎಸೆದ. ಅದು ನೀರಿಗೆ ಬಿದ್ದದ್ದೇ ತಡ, ಕೆಳಗಿನಿಂದ ಒಂದು ಬಾಸ್ ಮೀನು ಚಿಮ್ಮಿ ಬಂದು ಆ ತುಂಡನ್ನು ಗಾಳಿಗೆ ಹಾರಿಸಿತಂತೆ. ಆಗ ಮೀನಿಗೆ ಸಾಮಾನ್ಯವಾಗಿ ಎರೆಹುಳು, ಕಪ್ಪೆ, ಮರಿಮೀನು ಇಂಥವು ಆಮಿಷ. ನೀರಿನ ಮೇಲೆ ತೇಲುವ ಒಣ ಮರದ ತುಂಡಿಗೆ ಮೀನು ಏಕೆ ಹಾರಬೇಕು? ಈ ಪ್ರಶ್ನೆ ಆತನ ತಲೆಯನ್ನು ಹೊಕ್ಕಿತು. 1898ರ ಸುಮಾರಿಗೆ ಆತ ಮರದಲ್ಲಿ ಕಪ್ಪೆಗಳನ್ನು ಕೆತ್ತಿ, ಅವಕ್ಕೆ ಗಾಳ ಸಿಕ್ಕಿಸಿ ಎಸೆಯತೊಡಗಿದನು. 1902ರ ವೇಳೆಗೆ ಅದು ಮಾರಾಟದ ಸರಕಾಯಿತು. ಆತನ ಮಕ್ಕಳ ಕಾಲಕ್ಕೆ ಊರಿನಲ್ಲಿ ದೊಡ್ಡ ಕಾರ್ಖಾನೆಯೇ ಎದ್ದಿತು. ದೇವದಾರುವಿನ ಮೈ, ಗಾಜಿನ ಕಣ್ಣು, ಪದರ ಪದರವಾಗಿ ಬಳಿದ ಬಣ್ಣ. ಡೊವಾಜ್ಯಾಕ್ ಎಂಬ ಊರಿನ ಹೆಸರೇ ಗಾಳದ ಹೆಸರಾಗಿ ದೇಶವೆಲ್ಲ ತಿರುಗಿತು.

ಗೆಳೆಯ, ಚಾಕು, ಕಟ್ಟಿಗೆಯ ತುಂಡು ಈ ಕಥೆ ಎಷ್ಟು ನಿಜವೋ, ಸರಕು ಮಾರುವವರು ಎಷ್ಟು ಬೆಳೆಸಿದ್ದೋ! ನ್ಯೂಟನ್ನನ ಸೇಬಿನ ಹಣ್ಣಿನ ಜಾತಿಯ ಕಥೆ. ಆದರೆ ಊರ ನಡುವಣ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ, ಮಾರನೆಯ ದಿನ, ಗಾಜಿನ ಹಿಂದೆ ಸಾಲಾಗಿ ಮಲಗಿದ್ದ ಆ ಬಣ್ಣದ ಮರದ ಮೀನುಗಳನ್ನು ಕಂಡಾಗ ನನಗೆ ಚನ್ನಪಟ್ಟಣದ ಗೊಂಬೆಗಳ ನೆನಪಾಯಿತು. ಆ ಕಾರ್ಖಾನೆ ಈಗ ಅಲ್ಲಿಲ್ಲ. 1980ರ ದಶಕದಲ್ಲಿ ಮಾಲಿಕತ್ವ ಬದಲಾಗಿ ತಯಾರಿಕೆ ದಕ್ಷಿಣದ ಅರ್ಕನ್ಸಾ ರಾಜ್ಯಕ್ಕೆ ಹೊರಟುಹೋಯಿತು.

ಊರಿನಿಂದ ವಾಯವ್ಯಕ್ಕೆ ಕೆಲವು ಮೈಲಿ ಹೋದರೆ ‘ಅಕ್ಕತಂಗಿ ಸರೋವರ’ಗಳೆಂಬ ಗುಂಪು. ಇಕ್ಕೆಲದಲ್ಲಿ ದ್ರಾಕ್ಷಿ, ಪೀಚ್, ಬ್ಲೂಬೆರಿ ತೋಟಗಳು. ಗುಂಪಿನಲ್ಲಿ ಡ್ಯೂಯಿ ಎಂಬುದೊಂದು ಸರೋವರ. 1964ರ ಬೇಸಗೆಯಲ್ಲಿ ಅದರ ಸುತ್ತಿನ ತೋಟಗಳಲ್ಲಿ ಒಂಬತ್ತು ಅಡಿ ಎತ್ತರದ ರೋಮಶ ರಾಕ್ಷಸನನ್ನು ಕಂಡೆವೆಂದು ಜನ ಗುಲ್ಲೆಬ್ಬಿಸಿ, ಪತ್ರಿಕೆಗಳಲ್ಲೆಲ್ಲ ಸುದ್ದಿಯಾಗಿತ್ತು. ನಾವು ಉಳಿದದ್ದು ಅದರ ನೆರೆಯ ಮ್ಯಾಜಿಶಿಯನ್ ಸರೋವರದಲ್ಲಿ. ಮಾಯಾವಿಯ ಸರೋವರವೆಂದು ನಾನು ಕನ್ನಡಿಸಿಕೊಂಡೆ. ನಡುವೆ ಮರ ತುಂಬಿದ ನಡುಗಡ್ಡೆಗಳು, ಅಂಚಿನ ಕೊಲ್ಲಿಗಳಲ್ಲಿ ಬಿಳಿಯ ನೈದಿಲೆ.

ರಾತ್ರಿ ಊಟವಾದ ಮೇಲೆ ಅಳಿಯ ಮೇಜಿನ ಮೇಲೆ ತನ್ನ ಪೆಟ್ಟಿಗೆಯನ್ನು ತೆರೆದ. ಮದುವೆಯ ಮನೆಯಲ್ಲಿ ಒಡವೆಯ ಪೆಟ್ಟಿಗೆ ತೆರೆಯುವವರ ಮುಖದಲ್ಲಿಯೂ ಅಷ್ಟು ಸಡಗರವನ್ನು ನಾನು ಕಂಡಿಲ್ಲ. ಬಾಸ್ ಮೀನನ್ನು ಹಿಡಿಯಲು ನೂರು ದಾರಿಗಳಿವೆ. ನೀರಿನ ತಳದಲ್ಲಿ ಎಳೆಯುವ ರಬ್ಬರಿನ ಹುಳುಗಳು, ನಡುನೀರಿನಲ್ಲಿ ಗಿರ್ರೆನ್ನುವ ತಗಡುಗಳು. ಅವುಗಳಿಂದ ಹೆಚ್ಚು ಮೀನು ಸಿಕ್ಕುತ್ತದೆಯಂತೆ. ಅವನಿಗೆ ಅವು ಬೇಡ. ಅವನ ಪೆಟ್ಟಿಗೆಯಲ್ಲಿದ್ದವೆಲ್ಲ ನೀರಿನ ಮೇಲೆಯೇ ತೇಲುವ ಹುಸಿ ಎರೆಗಳು.

“ಮೇಲೆ ತೇಲಿದರೆ ಏನು ಹೆಚ್ಚು?” ಎಂದೆ.

“ಕಣ್ಣಿಗೆ ಕಾಣುತ್ತದೆ ಮಾವ. ಮೀನು ಬರುವುದು, ಹಿಡಿಯುವುದು, ತಪ್ಪುವುದು, ಎಲ್ಲವೂ. ಕೆಳಗಿನದು ಕೈಗೆ ಮಾತ್ರ ತಿಳಿಯುವುದು.”

ಒಂದರ ಮುಖ ಬಟ್ಟಲಿನಂತೆ ಒಳಕ್ಕೆ ತೋಡಿದೆ. ದಾರವನ್ನು ಗಕ್ಕನೆ ಎಳೆದರೆ ನೀರನ್ನು ಗುಳುಕ್ಕೆಂದು ಉಗುಳುತ್ತದೆ. ಇನ್ನೊಂದರ ಮೂತಿಗೆ ಅಗಲವಾದ ತಗಡಿನ ತುಟಿ. ಸುಮ್ಮನೆ ದಾರ ಸುತ್ತಿದರೂ ಸಾಕು, ಬಾತುಮರಿಯಂತೆ ಅತ್ತಿತ್ತ ಹೊರಳುತ್ತ ಪಟಪಟನೆ ಸದ್ದು ಮಾಡಿಕೊಂಡು ಬರುತ್ತದೆ. ಒಹಾಯೊ ರಾಜ್ಯದ ಅಕ್ರನ್ ನಗರದ ಫ್ರೆಡ್ ಆರ್ಬೊಗಾಸ್ಟ್ ಎಂಬಾತ ಪ್ರಚಾರಕ್ಕೆ ತಂದ ಈ ‘ಜಿಟರ್‌ಬಗ್’ ಅಮಾವಾಸ್ಯೆಯ ರಾತ್ರಿಗೆ ಒಳ್ಳೆಯದಂತೆ. ಮತ್ತೊಂದು ಟೊಳ್ಳು ಮೈಯ ರಬ್ಬರಿನ ಕಪ್ಪೆ. ಗಾಳದ ಮೊನೆಗಳು ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿರುವುದರಿಂದ ನೈದಿಲೆಯ ಎಲೆಗಳ ಮೇಲೆ ಎಳೆದರೂ ಸಿಕ್ಕಿಕೊಳ್ಳದು.

ಕೊನೆಯದು ಚುಟ್ಟದಂತೆ ಉದ್ದನೆಯದು. ತುಟಿಯಿಲ್ಲ, ಬಟ್ಟಲಿಲ್ಲ, ಯಾವ ಅಲಂಕಾರವೂ ಇಲ್ಲ. ಹೆಡನ್ ಕಾರ್ಖಾನೆಯ ‘ಜಾರಾ ಸ್ಪೂಕ್’. ಮೊದಲು ಇದನ್ನು ಮರದಲ್ಲಿ ಮಾಡುತ್ತಿದ್ದಾಗ ಜಾರಗೊಸಾ ಎಂದು ಹೆಸರು. 1930ರ ದಶಕದ ಕೊನೆಗೆ ಪ್ಲಾಸ್ಟಿಕ್ಕಿನ ಮೈ ಬಂದಾಗ, ಒಳಗು ಕಾಣುವ ಆ ಮೈಯನ್ನು ನೋಡಿ ‘ಭೂತ’ ಎಂಬ ಅಡ್ಡಹೆಸರು ಸೇರಿತು. ಕೋಲಿನ ತುದಿಯನ್ನು ತಾಳಕ್ಕೆ ಸರಿಯಾಗಿ ಮಿಡಿಯುತ್ತ, ದಾರವನ್ನು ಒಮ್ಮೆ ಬಿಗಿದು ಒಮ್ಮೆ ಸಡಿಲಿಸಿದರೆ ಇದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಳುಕುತ್ತ ಬರುತ್ತದೆ. ಫ್ಲಾರಿಡಾದ ಪೆನ್ಸಕೋಲಾ ಬಂದರಿನ ಒಂದು ಬೀದಿಯ ಹೆಸರನ್ನು ಇದಕ್ಕೆ ಇಟ್ಟರಂತೆ. ಆ ಬೀದಿಯಲ್ಲಿ ಸಂಜೆ ಅಡ್ಡಾಡುತ್ತಿದ್ದ ಹೆಂಗಸರ ನಡಿಗೆಗೂ ಈ ಬಳುಕಿಗೂ ಹೋಲಿಕೆಯಿತ್ತೆಂದು ಪ್ರತೀತಿ. ಕುಟುಂಬಗಳಲ್ಲಿ ಓದುವ ಪತ್ರಿಕೆಯಾದ್ದರಿಂದ ಇದನ್ನು ಇನ್ನಷ್ಟು ವಿವರಿಸುವುದಿಲ್ಲ.

“ಹಿಡಿದು ಏನು ಮಾಡುತ್ತೀಯೆ?” ಎಂದು ಕೇಳಿದೆ.

“ಬಿಟ್ಟುಬಿಡುತ್ತೇನೆ.”

“ಎಲ್ಲವನ್ನೂ?”

“ಎಲ್ಲವನ್ನೂ. ಒಂದನ್ನೂ ತಿಂದಿಲ್ಲ ಮಾವ.” ಇದನ್ನು ಅವನು ತನ್ನ ಪರವಾದ ಸಾಕ್ಷ್ಯವೆಂಬಂತೆ ಹೇಳಿದ.

ನನಗೆ ಹಾಗೆನ್ನಿಸಲಿಲ್ಲ. ಮೀನು ತಿನ್ನುವವರ ಬಗೆಗೆ ನನಗೆ ದೂರಿಲ್ಲ. ಹೊಟ್ಟೆಯ ಮಾತು ಬೇರೆ. ಬಾಸ್ ಮೀನುಗಾರಿಕೆಯ ಪುರಾಣಪುರುಷ ಜಾರ್ಜ್ ಪೆರಿ ಎಂಬ ಒಕ್ಕಲಿಗರ ಹುಡುಗ. ದೇಶವೆಲ್ಲ ಬಡತನದಲ್ಲಿ ಮುಳುಗಿದ್ದ 1932ರ ಜೂನ್ 2ರಂದು, ಮಳೆಗೆ ನೆಲ ತೊಯ್ದು ಉಳುವಂತಿಲ್ಲದೆ, ಜಾರ್ಜಿಯಾ ರಾಜ್ಯದ ಮಾಂಟ್ಗೊಮರಿ ಎಂಬ ಸಣ್ಣ ಸರೋವರಕ್ಕೆ ಗಾಳ ಹಾಕಲು ಹೋದ. ಸಿಕ್ಕಿದ ಮೀನಿನ ತೂಕ 22 ಪೌಂಡು 4 ಔನ್ಸು, ಅಂದರೆ ಹತ್ತು ಕಿಲೋಗ್ರಾಂ. ಜಗತ್ತಿನ ದಾಖಲೆಯೆಂದು ಅದು ಎಪ್ಪತ್ತೇಳು ವರ್ಷ ಒಂಟಿಯಾಗಿ ನಿಂತಿತು; 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಎಂಬಾತ ಅದಕ್ಕೆ ಸಮನಾದುದನ್ನು ಹಿಡಿದ. ಪೆರಿ ತನ್ನ ಮೀನನ್ನು ತೂಗಿಸಿ, ಮನೆಗೆ ತೆಗೆದುಕೊಂಡು ಹೋದ. ಮನೆಯವರು ಬೇಯಿಸಿ ಉಂಡರು. ಅದರಲ್ಲಿ ನನಗೆ ಒಂದು ಪ್ರಾಮಾಣಿಕತೆ ಕಾಣುತ್ತದೆ. ಬಾಯಿಗೆ ಕೊಕ್ಕೆ ಸಿಕ್ಕಿಸಿ, ಎಳೆದಾಡಿ, ಪಟ ತೆಗೆದು, ಹೋಗಿ ಬಾ ಎಂದು ಬಿಡುವುದು ಯಾವ ಧರ್ಮ?

ಹೀಗೆಂದೇ ಕೇಳಿದೆ. ಅವನು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ಪೆಟ್ಟಿಗೆಯ ಖಾನೆಗಳನ್ನು ಸರಿಪಡಿಸುತ್ತಿದ್ದು, “ನನಗೂ ಗೊತ್ತಿಲ್ಲ ಮಾವ. ಬಂದ ಮೊದಲ ಎರಡು ವರ್ಷ ಇಲ್ಲಿ ನನಗೆ ಯಾರೂ ಇರಲಿಲ್ಲ. ಬೆಳಗ್ಗೆ ಎದ್ದು ನೀರಿನ ಬಳಿ ಬಂದರೆ ಊರಿನಲ್ಲಿರುವಂತೆ ಅನ್ನಿಸುತ್ತಿತ್ತು,” ಎಂದ.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನ್ಯಾಯವಾಗಿ ಹೇಳಬೇಕಾದರೆ, ಈ ವಿನೋದ ನಮ್ಮ ನಾಡಿಗೆ ಹೊರಗಿನದೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ವೆಂಬ ಭಾಗವೇ ಇದೆ. ಯಾವ ಮೀನಿಗೆ ಯಾವ ತಿನಿಸು, ಗಾಳ ಹೇಗಿರಬೇಕು, ಎಲ್ಲವನ್ನೂ ಆ ದೊರೆ ಸಾವಧಾನವಾಗಿ ಬರೆದಿದ್ದಾನೆ. ಇದನ್ನು ಅಳಿಯನಿಗೆ ಹೇಳಬಹುದಾಗಿತ್ತು. ಆ ರಾತ್ರಿ ಹೇಳಲಿಲ್ಲ. ವಾದದಲ್ಲಿ ಎದುರಾಳಿಗೆ ನಾವೇ ಅಸ್ತ್ರ ಒದಗಿಸುವಷ್ಟು ಉದಾರತೆ ನನಗಿಲ್ಲ.

ಬೆಳಗಿನ ಐದು ಗಂಟೆಗೆ ದೋಣಿ ಹತ್ತಿದೆವು. ಸೂರ್ಯ ಹುಟ್ಟಲು ಇನ್ನೂ ಒಂದು ಗಂಟೆಗೂ ಹೆಚ್ಚು ಹೊತ್ತಿತ್ತು. ಮೂಡಲ ಮಾತ್ರ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ನೀರಿನಿಂದ ಹಬೆಯಂತೆ ಮಂಜೇಳುತ್ತಿತ್ತು. ಗಾಳಿಯಿಲ್ಲ. ನೀರು ಎಣ್ಣೆ ಹೊಯ್ದಂತೆ ನುಣ್ಣಗೆ. ಅಳಿಯ ಹುಟ್ಟನ್ನು ಸದ್ದಾಗದಂತೆ ಹಾಕುತ್ತ ಪಿಸುಮಾತಿನಲ್ಲಿ ಪಾಠ ಹೇಳಿದ. ಮೇಲ್ನೀರಿನ ಆಟಕ್ಕೆ ಬೇಕಾದದ್ದು ಈ ನಿಶ್ಚಲತೆ, ಈ ಅರೆಬೆಳಕು. ಬಿಸಿಲು ಏರಿದರೆ ಬಾಸ್ ನೆರಳನ್ನೂ ಆಳವನ್ನೂ ಹುಡುಕಿಕೊಂಡು ಹೋಗುತ್ತದೆ. ಅದು ಕೆಳಗಿನಿಂದ ಮೇಲಕ್ಕೆ ನೋಡುವ ಬೇಟೆಗಾರ. ತೆಳುವಾದ ಬಾನಿನ ಬೆಳಕಿಗೆ ಎದುರಾಗಿ ಎರೆಯ ಕರಿಯ ಆಕೃತಿ ಮಾತ್ರ ಅದಕ್ಕೆ ಕಾಣುತ್ತದೆ. ಅಂಗಡಿಯಲ್ಲಿ ನಮ್ಮನ್ನು ಮರುಳುಗೊಳಿಸುವ ಬೆನ್ನಿನ ಬಣ್ಣಗಳೆಲ್ಲ ಮೀನಿಗಲ್ಲ, ಕೊಳ್ಳುವವನಿಗೆ! ಇದಲ್ಲದೆ ಮೀನಿನ ಎರಡು ಪಕ್ಕಗಳಲ್ಲಿ ಉದ್ದಕ್ಕೂ ಒಂದು ಸೂಕ್ಷ್ಮವಾದ ಗೆರೆಯಿದೆ. ನೀರಿನ ಸಣ್ಣ ಕಂಪನವನ್ನೂ ಅದು ಆ ಗೆರೆಯಿಂದ ಅರಿಯುತ್ತದೆ.

“ಎಲ್ಲಕ್ಕಿಂತ ಕಷ್ಟವಾದದ್ದು ಒಂದಿದೆ,” ಎಂದ. “ಮೀನು ಮೇಲೆ ಬಂದು ನೀರು ಸಿಡಿದಾಗ ಕೋಲನ್ನು ಎಳೆಯಬಾರದು. ಕಣ್ಣು ಎಳೆ ಎನ್ನುತ್ತದೆ. ಎಳೆದರೆ ಎರೆ ಅದರ ಬಾಯಿಂದ ಹೊರಗೆ ಬರುತ್ತದೆ. ಮೀನಿನ ಭಾರ ಕೈಗೆ ತಾಗುವವರೆಗೆ ಸುಮ್ಮನಿರಬೇಕು. ಕಲಿಯಲು ನನಗೆ ಎರಡು ಬೇಸಗೆ ಹಿಡಿಯಿತು.”

ನೈದಿಲೆಯ ಅಂಚಿನಲ್ಲಿ ದೋಣಿ ನಿಲ್ಲಿಸಿ, ಆ ಚುಟ್ಟದಂಥ ಜಾರಾ ಸ್ಪೂಕನ್ನು ದೂರಕ್ಕೆ ಎಸೆದ. ಅದು ಬಿತ್ತು, ಉಂಗುರಗಳು ಹರಡಿದವು. ಅವನು ಕದಲಲಿಲ್ಲ. ಉಂಗುರಗಳೆಲ್ಲ ಅಳಿದು ನೀರು ಮತ್ತೆ ಕನ್ನಡಿಯಾಗುವವರೆಗೆ ಕಾದ. ಆಮೇಲೆ ಮಣಿಕಟ್ಟಿನ ಮಿಡಿತ. ಎರೆ ಎಡಕ್ಕೆ ಬಲಕ್ಕೆ ಬಳುಕುತ್ತ ಸಾಗಿತು. ನಿಲ್ಲಿಸಿದ. ಮತ್ತೆ ಮಿಡಿದ. ಹೀಗೆ ಹತ್ತು ಬಾರಿ, ಇಪ್ಪತ್ತು ಬಾರಿ. ದಡದ ಜೊಂಡಿನಲ್ಲಿ ಕೆಂಪು ಭುಜದ ಕಪ್ಪು ಹಕ್ಕಿಗಳು ಕೂಗತೊಡಗಿದವು. ಬೂದು ಬಣ್ಣದ ದೊಡ್ಡ ಬಕವೊಂದು ನಮ್ಮಂತೆಯೇ ಕಾಯುತ್ತ ನಿಂತಿತ್ತು. ನಿಜ ಹೇಳುತ್ತೇನೆ, ಮೀನು ಸಿಕ್ಕದಿರಲೆಂದು ಮನಸ್ಸಿನಲ್ಲಿಯೇ ಹರಸಿಕೊಳ್ಳುತ್ತಿದ್ದ ನಾನು ಅರ್ಧ ಗಂಟೆಯಲ್ಲಿ ಉಸಿರು ಬಿಗಿಹಿಡಿದು ಆ ಮರುಳು ತುಂಡನ್ನೇ ನೋಡುತ್ತಿದ್ದೆ. ಈಗ ಬರಬಹುದು, ಈಗ ಬರಬಹುದು!

ಬಂದಿತು. ನೀರಿನಲ್ಲಿ ಒಂದು ಗುಂಡಿ ಬಿದ್ದಂತಾಯಿತು. ಬಾವಿಗೆ ಕಲ್ಲು ಹಾಕಿದ ಸದ್ದು. ಬಾಸ್ ಕಚ್ಚುವುದಿಲ್ಲ, ದೊಡ್ಡ ಬಾಯನ್ನೂ ಕಿವಿರುಗಳನ್ನೂ ಒಮ್ಮೆಲೇ ತೆರೆದು ನೀರಿನೊಡನೆ ಬೇಟೆಯನ್ನು ಒಳಕ್ಕೆ ಸೆಳೆಯುತ್ತದೆ. ನಾನು ಕೂಗಿಯೇಬಿಟ್ಟೆ. ಅಳಿಯ ಕದಲಲಿಲ್ಲ. ಒಂದು ಕ್ಷಣ. ದಾರ ಬಿಗಿಯಿತು, ಆಗ ಎಳೆದ. ಕೋಲು ಬಿಲ್ಲಾಯಿತು. ಮೀನು ನೀರಿನಿಂದ ಪೂರ್ತಿ ಹೊರಕ್ಕೆ ನೆಗೆದು, ತಲೆಯನ್ನು ರಭಸದಿಂದ ಕೊಡವಿ, ಮತ್ತೆ ಬಿದ್ದಿತು. ಎರಡು ನಿಮಿಷದಲ್ಲಿ ದೋಣಿಯ ಪಕ್ಕಕ್ಕೆ ಬಂದಿತ್ತು. ಕೈಯನ್ನು ಮೊದಲು ನೀರಿನಲ್ಲಿ ಒದ್ದೆ ಮಾಡಿಕೊಂಡು, ಅದರ ಕೆಳದುಟಿಯನ್ನು ಹೆಬ್ಬೆರಳಿನಿಂದ ಹಿಡಿದೆತ್ತಿದ. ಒಣ ಕೈ ತಾಗಿದರೆ ಮೈಯ ಲೋಳೆ ಹೋಗಿ ಮೀನಿಗೆ ರೋಗ ತಗಲುತ್ತದೆಯಂತೆ. ಹಸುರು ಮೈ, ಪಕ್ಕದಲ್ಲಿ ಕಪ್ಪು ಪಟ್ಟೆ, ಕಣ್ಣಿನಿಂದಲೂ ಹಿಂದಕ್ಕೆ ಸೀಳಿದ ಬಾಯಿ. ನಾಲ್ಕು ಪೌಂಡು ಇದ್ದೀತು.

ಆಗ ನಾನು ದೋಣಿಯ ಇನ್ನೊಂದು ಬದಿಯ ನೀರನ್ನು ನೋಡಿದೆ. ಮೇಲ್ಭಾಗದಲ್ಲಿಯೇ ಒಂದು ಕಪ್ಪು ಮೋಡ ಅಲುಗುತ್ತಿತ್ತು. ಮಸಿ ಚೆಲ್ಲಿದಂತೆ. ಬಗ್ಗಿ ನೋಡಿದರೆ ಮಸಿಯಲ್ಲ; ಎಳ್ಳುಕಾಳಿಗಿಂತ ಸ್ವಲ್ಪ ದೊಡ್ಡ ಮರಿಮೀನುಗಳು, ಸಾವಿರವೋ ಎರಡು ಸಾವಿರವೋ.

“ಇದೇನೋ?” ಎಂದೆ.

ಅಳಿಯ ತಿರುಗಿ ನೋಡಿದ. ಅವನ ಮುಖದ ಬಣ್ಣ ಬದಲಾಯಿತು. “ಅಯ್ಯೋ,” ಎಂದ, “ಇದು ತಂದೆ.”

ಬಾಸ್ ಜಾತಿಯಲ್ಲಿ ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಬಾಲದಿಂದ ತಳವನ್ನು ಗುಡಿಸಿ ಗೂಡು ಮಾಡುವುದು, ಮೊಟ್ಟೆಗೆ ಕಾವಲಿರುವುದು, ಮರಿಗಳಾದ ಮೇಲೆ ಅವುಗಳ ಕೆಳಗೆ ಕೆಳಗೆ ಈಜುತ್ತ ವಾರಗಟ್ಟಲೆ ಕಾಯುವುದು, ಎಲ್ಲವೂ ಗಂಡಿನ ಪಾಲು. ಆ ದಿನಗಳಲ್ಲಿ ಅದು ಹೊಟ್ಟೆಗಾಗಿ ಬೇಟೆಯಾಡುವುದೂ ಕಡಮೆ. ಮರಿಗಳ ಮೇಲೆ ಏನೇ ತೇಲಿಬಂದರೂ ಮುಂದೆ ನೋಡದೆ ಮೇಲೆರಗುತ್ತದೆ. ಅದು ನಮ್ಮ ಎರೆಗೆ ಹಸಿವಿನಿಂದ ಬಂದುದಲ್ಲ. ಅದು ಇಲ್ಲದ ಕ್ಷಣಕ್ಕಾಗಿ ಬ್ಲೂಗಿಲ್ ಎಂಬ ಅಗಲ ಮೈಯ ಸಣ್ಣ ಮೀನುಗಳು ಹೊಂಚುತ್ತಿರುತ್ತವೆ. ನಿಮಿಷಗಳಲ್ಲಿ ಸಂಸಾರವನ್ನು ನುಂಗಿಹಾಕಬಲ್ಲವು. ಮೇ ತಿಂಗಳಿನಲ್ಲಿ ಗೂಡುಗಳಿರುವ ಕಡೆ ಅಳಿಯ ಗಾಳ ಹಾಕುವುದೇ ಇಲ್ಲವಂತೆ. ಈಗ ಜೂನ್ ನಡುವಾಯಿತು, ಮುಗಿದಿರುತ್ತದೆ ಎಂದುಕೊಂಡಿದ್ದ. ಕಾನೂನಿನ ಪ್ರಕಾರ ತಪ್ಪೇನೂ ಇರಲಿಲ್ಲ.

ಬ್ಲೂಗಿಲ್‌ಗಳು ಆಗಲೇ ಬಂದಿದ್ದವು. ಐದಾರು ಅಗಲವಾದ ನೆರಳುಗಳು ಮೋಡದ ಅಂಚಿಗೆ ನುಗ್ಗಿ ಹಿಂದೆ ಸರಿಯುತ್ತಿದ್ದವು. ಪ್ರತಿಸಲವೂ ಮೋಡದಲ್ಲಿ ಒಂದು ತೂತು ಬೀಳುತ್ತಿತ್ತು.

ಗಾಳದ ಮೂರು ಮೊನೆಗಳಲ್ಲಿ ಎರಡು ಮೀನಿನ ದವಡೆಯಲ್ಲಿ ಸಿಕ್ಕಿದ್ದವು. ಅಳಿಯನ ಕೈ ನಡುಗುತ್ತಿತ್ತು. ಚಿಮಟದಿಂದ ಒಂದನ್ನು ಬಿಡಿಸುವಷ್ಟರಲ್ಲಿ ಮೀನು ಒದರಿತು. ಮೂರನೆಯ ಮೊನೆ ಅವನ ಹೆಬ್ಬೆರಳಿಗೇ ಇಳಿಯಿತು. ಒಂದು ಕ್ಷಣ ಮನುಷ್ಯನೂ ಮೀನೂ ಒಂದೇ ಗಾಳಕ್ಕೆ ಸಿಕ್ಕಿಕೊಂಡಿದ್ದರು. ಹಿಂದಕ್ಕೆ ಚಾಚುವ ಸಣ್ಣ ಮುಳ್ಳುಗಳನ್ನು ಅವನು ಮೊದಲೇ ಚಪ್ಪಟೆ ಮಾಡಿಟ್ಟಿದ್ದುದು ಇಬ್ಬರಿಗೂ ಒಳ್ಳೆಯದಾಯಿತು. ತನ್ನದನ್ನು ಕಿತ್ತುಕೊಂಡ, ಮೀನಿನದನ್ನೂ ಕಿತ್ತ. ನೀರಿಗೆ ಬಗ್ಗಿ ಮೀನನ್ನು ಮರಿಗಳ ಕಡೆಗೆ ಮುಖ ಮಾಡಿ ಹಿಡಿದ. ಅದು ಅರೆಗಳಿಗೆ ಅವನ ಕೈಯಲ್ಲಿಯೇ ನಿಂತು ಕಿವಿರಾಡಿಸಿತು. ಆಮೇಲೆ ಬಾಲ ಬೀಸಿ ಕೆಳಕ್ಕೆ ಹೋಯಿತು.

ಯಾವ ಕಡೆಗೆ? ಅಷ್ಟರಲ್ಲಿ ಮೊದಲ ಬಿಸಿಲು ನೀರಿನ ಮೇಲೆ ಬಿದ್ದು, ಕಣ್ಣಿಗೆ ಬರಿಯ ಹೊಳಪು. ಅಳಿಯ ಹುಟ್ಟಿನಿಂದ ದೋಣಿಯನ್ನು ಎರಡು ಮಾರು ಹಿಂದಕ್ಕೆ ತಳ್ಳಿ ನಿಲ್ಲಿಸಿದ. ಇಬ್ಬರೂ ಮಾತನಾಡಲಿಲ್ಲ. ಅವನ ಹೆಬ್ಬೆರಳಿನಿಂದ ರಕ್ತ ದೋಣಿಯ ಅಂಚಿಗೆ ತೊಟ್ಟಿಕ್ಕುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಗಿನ ಕಾಯುವಿಕೆ ಮೊದಲಿನದರಂತಿರಲಿಲ್ಲ. ಐದು ನಿಮಿಷ ಕಳೆದಿರಬಹುದು. ಇದ್ದಕ್ಕಿದ್ದಂತೆ ಮೋಡದ ಆಚೆಯ ಅಂಚಿನಲ್ಲಿ ನೀರು ಉಬ್ಬಿ ಮುರಿಯಿತು; ಅಗಲವಾದ ನೆರಳುಗಳು ನಾಲ್ಕು ದಿಕ್ಕಿಗೆ ಚೆದರಿದವು.

“ಅದೇ ಅಲ್ಲವೇ?” ಎಂದೆ.

“ಇರಬೇಕು,” ಎಂದ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, “ಇರಬೇಕು ಮಾವ.”

ಆ ದಿನ ಅವನು ಮತ್ತೆ ಗಾಳ ಎಸೆಯಲಿಲ್ಲ. ಸಂಜೆಯ ಹೊತ್ತಿಗೆ ನೀರಿನ ಅಂಚಿನವರೆಗೆ ಒಬ್ಬನೇ ನಡೆದು ಹೋಗಿ ಬಂದ. ಏನು ಕಂಡನೆಂದು ನಾನು ಕೇಳಲಿಲ್ಲ.

ರಾತ್ರಿ ಒಂಬತ್ತಕ್ಕೆ ಅಕ್ಕನ ದೂರವಾಣಿ ಬಂತು. ತೀರ್ಥಹಳ್ಳಿಯಲ್ಲಿ ಆಗ ಮಾರನೆಯ ಬೆಳಗಿನ ಆರೂವರೆ. ಅವಳು ರಂಗೋಲಿ ಮುಗಿಸಿ ಕುಳಿತಿದ್ದಳು.

“ಏನೋ, ಯಾವುದೋ ಕೆರೆಯ ದಡದಲ್ಲಿದ್ದೀರಂತೆ. ಮೀನುಗಳಿವೆಯೇ?”

“ಇವೆ ಅಕ್ಕ. ಬೆಳಗ್ಗೆ ಒಂದು ಗಂಡು ಮೀನು ಮರಿಗಳನ್ನು ಕಾಯುವುದನ್ನು ನೋಡಿದೆವು.”

“ಗಂಡೇ ಕಾಯುತ್ತದೆಯೇ? ಪರವಾಗಿಲ್ಲವಲ್ಲ ಆ ದೇಶದಲ್ಲಿ!” ಎಂದು ನಕ್ಕಳು. “ಹತ್ತಿರದಿಂದ ಕಂಡಿತೇ?”

“ಬಹಳ ಹತ್ತಿರದಿಂದ,” ಎಂದೆ.

ಮೇಜಿನ ಆಚೆ ಕುಳಿತಿದ್ದ ಅಳಿಯ ಕೈ ಚಾಚಿದ. ದೂರವಾಣಿಯನ್ನು ಅವನಿಗೆ ಕೊಟ್ಟು ನಾನು ಹೊರಗಿನ ಜಗಲಿಗೆ ಬಂದೆ. ಹುಲ್ಲಿನ ಮೇಲೆ ಮಿಣುಕುಹುಳುಗಳು ಏಳತೊಡಗಿದ್ದವು. ಒಳಗಿನಿಂದ ಅವನ ದನಿ ಬಹಳ ಹೊತ್ತು ಕೇಳಿಸುತ್ತಿತ್ತು, ನಡುನಡುವೆ ಮೌನ. ಕೊನೆಗೆ ಬಾಗಿಲು ತೆರೆದು ಬಂದು ನನ್ನ ಪಕ್ಕದಲ್ಲಿ ಕುಳಿತ.

“ಎಲ್ಲವನ್ನೂ ಹೇಳಿದೆಯಾ?”

“ಹೇಳಿದೆ.”

“ಏನೆಂದಳು?”

“ಹೆಬ್ಬೆರಳಿಗೆ ಅರಿಸಿನ ಹಚ್ಚಿಕೋ ಎಂದಳು.”

“ಮತ್ತೆ?”

“ಮತ್ತೇನೂ ಹೇಳಲಿಲ್ಲ.”

ಅರಿಸಿನದ ಡಬ್ಬಿಯನ್ನು ಅವನು ಕಲಮಜೂವಿನಲ್ಲಿಯೇ ಬಿಟ್ಟು ಬಂದಿದ್ದ.